ಫಿಲ್ಮು ಕುಂಟುವುದಿಲ್ಲ, ಕಾಲು ಕುಂಟುತ್ತದೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊಣಕಾಲಿನವೇ. ಎಲ್ಲದರಲ್ಲೂ ಒಂದೇ ಪದ: ಗುಜ್ಜು. ನಮ್ಮ ಬಳ್ಳಾರಿಯದು ತೆಲುಗು ಬೆರೆತ ಮಾತು. ‘ಮೊಣಕಾಲಾಗ ಗುಜ್ಜು ಹೋಗೈತೆ ಅಂದ್ರು ಸಾರ್’ ಎನ್ನುತ್ತಲೇ ಜನ ಒಳಗೆ ಬರುತ್ತಾರೆ. ಪುಸ್ತಕದಲ್ಲಿ ಮೃದ್ವಸ್ಥಿ ಎಂದಿದೆ. ಇಪ್ಪತ್ತಾರು ವರ್ಷದಲ್ಲಿ ಆ ಪದವನ್ನು ಒಬ್ಬ ರೋಗಿಯ ಬಾಯಲ್ಲೂ ಕೇಳಿಲ್ಲ, ಹಾಗಾಗಿ ನಾನೂ ಗುಜ್ಜು ಎಂದೇ ಬರೆಯುತ್ತೇನೆ.

ಒಂದು ತೊಡಕಿದೆ. ಮೊಣಕಾಲಲ್ಲಿ ಗುಜ್ಜು ಎರಡು ಥರದ್ದು. ಎಲುಬಿನ ತುದಿಗೆ ಅಂಟಿಕೊಂಡಿರುವ ನುಣುಪಾದ ಬಿಳಿ ಹೊದಿಕೆ ಒಂದು. ಕಾಲು ಸೂಪಿಗೆಂದು ಕುರಿ ಕಾಲು ತಂದವರು ಅದನ್ನು ನೋಡಿರುತ್ತಾರೆ, ಮುತ್ತಿನ ಹಾಗೆ ಹೊಳೆಯುತ್ತದೆ. ದಪ್ಪ ಎರಡರಿಂದ ನಾಲ್ಕು ಮಿಲಿಮೀಟರ್, ಮೊಣಕಾಲ ಚಿಪ್ಪಿನ ಹಿಂದೆ ಮಾತ್ರ ಇನ್ನೂ ತುಸು ಹೆಚ್ಚು. ಇನ್ನೊಂದು ಮೆನಿಸ್ಕಸ್: ತೊಡೆ ಎಲುಬು, ಕಣಕಾಲಿನ ಎಲುಬು ಇವೆರಡರ ನಡುವೆ ಕೂತ ಅರ್ಧಚಂದ್ರದ ಆಕಾರದ ಎರಡು ತುಂಡು. ಮೊದಲನೆಯದನ್ನು ‘ಹೊದಿಕೆ’ ಅಂತಲೂ ಎರಡನೆಯದನ್ನು ‘ವಾಷರ್’ ಅಂತಲೂ ಕರೆಯುತ್ತೇನೆ. ಪತ್ರಗಳನ್ನು ಬರೆದವರ ಮಾತಲ್ಲೇ ಬಿಟ್ಟಿದ್ದೇನೆ, ಹೆಸರು ತೆಗೆದಿದ್ದೇನೆ.

ಪ್ರಶ್ನೆ: ಕೌಲ್ ಬಜಾರ್‌ನಾಗ ಜೀನ್ಸ್ ಹೊಲಿತೀನಿ ಸಾರ್. ವಯಸ್ಸು 52. ಆರು ತಿಂಗಳಿಂದ ಬಲ ಮೊಣಕಾಲು ಒಳಗಡೆ ನೋವು, ಮೆಟ್ಟಿಲು ಇಳಿಯೋವಾಗ ಜಾಸ್ತಿ. ಎಂಆರ್‌ಐ ಮಾಡಿಸಿದ್ವಿ. ಗುಜ್ಜು ಹರಿದೈತೆ, ಹದಿನೈದು ದಿನದಾಗೆ ಆಪರೇಷನ್ ಆಗ್ಬೇಕು ಅಂದ್ರು. ಮಗಳ ಮದುವೆಗೆ ಇಟ್ಟ ರೊಕ್ಕ ಐತೆ, ತೆಗೀಲಾ?
– ಟೈಲರ್, ಬಳ್ಳಾರಿ

ಉತ್ತರ: ತೆಗೆಯಬೇಡಿ. ಮದುವೆ ಮಾಡಿ.

ನೀವು ಕಳಿಸಿದ ವರದಿ ಓದಿದೆ. ಒಳಬದಿಯ ವಾಷರಿನ ಹಿಂಭಾಗದಲ್ಲಿ ಅಡ್ಡ ಹರಕು, ಸವೆತದಿಂದ ಆದದ್ದು ಎಂದಿದೆ. ಇರಬಹುದು. ನಿಮ್ಮ ಪತ್ರದಲ್ಲಿ ನಾನು ಹುಡುಕಿದ್ದು ಬೇರೆ ಎರಡು ಸಂಗತಿ. ಕಾಲು ತಿರುಚಿ ಬಿದ್ದ ದಿನ ಅಂತ ಒಂದಿದೆಯಾ? ಮೊಣಕಾಲು ಸಿಕ್ಕಿಹಾಕಿಕೊಂಡು ನೆಟ್ಟಗಾಗದೆ ನಿಂತದ್ದುಂಟಾ? ಎರಡೂ ಇಲ್ಲ. ಮೆಲ್ಲಗೆ ಬಂದ ನೋವು, ಮೆಲ್ಲಗೆ ಬೆಳೆದಿದೆ. ಹೊಸ ಡೆನಿಮ್ಮು ಮೊಳೆಗೆ ಸಿಕ್ಕಿ ಪರ್ರಂತ ಹರಿಯುವುದು ಒಂದು, ಹತ್ತು ವರ್ಷ ತೊಟ್ಟ ಪ್ಯಾಂಟು ಮೊಣಕಾಲ ಹತ್ತಿರ ನವೆಯುವುದು ಇನ್ನೊಂದು. ನವೆದ ಬಟ್ಟೆಗೆ ಹೊಲಿಗೆ ಹಾಕಿದರೆ ಅದರ ಪಕ್ಕದಲ್ಲೇ ಮತ್ತೆ ಬಿಡುತ್ತದೆ ಅಂತ ನಿಮಗೆ ನಾನು ಹೇಳಬೇಕೇ?

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಲ್ಲಿ ಐವತ್ತು ದಾಟಿದ ಜನರನ್ನು ನೋವಿದೆಯೋ ಇಲ್ಲವೋ ಕೇಳದೆ ಆರಿಸಿ ಮೊಣಕಾಲಿನ ಎಂಆರ್‌ಐ ಮಾಡಿದರು. 2008ರಲ್ಲಿ ಅದು ಪ್ರಕಟವಾಯಿತು. ವಾಷರ್ ಹರಿದಿದ್ದವರಲ್ಲಿ ಶೇಕಡಾ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ನೋವೂ ಇರಲಿಲ್ಲ, ಬಿಗಿತವೂ ಇರಲಿಲ್ಲ. ಅಂದರೆ ನಿಮ್ಮ ವಯಸ್ಸಿನವರ ಫಿಲ್ಮಿನಲ್ಲಿ ಹರಕು ಕಾಣುವುದು ತಲೆಯಲ್ಲಿ ನರೆ ಕಂಡಷ್ಟೇ ಸಹಜ. ಐದು ವರ್ಷದ ಮೇಲೆ, 2013ರಲ್ಲಿ, ಫಿನ್‌ಲೆಂಡಿನವರು ಇನ್ನೂ ಧೈರ್ಯದ ಕೆಲಸ ಮಾಡಿದರು. ಇಂಥದೇ ಸವೆದ ಹರಕಿದ್ದ 146 ಜನರಲ್ಲಿ ಅರ್ಧದಷ್ಟು ಮಂದಿಗೆ ಸಣ್ಣ ತೂತಿನಿಂದ ಕೀಲಿನೊಳಗೆ ದುರ್ಬೀನು ಹಾಕಿ ಹರಿದ ಚೂರು ಕತ್ತರಿಸಿ ತೆಗೆದರು. ಉಳಿದವರಿಗೆ ದುರ್ಬೀನು ಹಾಕಿ ನೋಡಿ, ಕತ್ತರಿಸಿದಂತೆ ನಟಿಸಿ ಕಳಿಸಿದರು. ವರ್ಷ ಕಳೆದ ಮೇಲೆ ಎರಡೂ ಗುಂಪಿನವರು ಒಂದೇ ಥರ ಇದ್ದರು. ಈ ಆಪರೇಷನ್ನಿನಿಂದಲೇ ಒಂದು ಕಾಲದಲ್ಲಿ ನನ್ನ ಕ್ಲಿನಿಕ್ಕಿನ ಬಾಡಿಗೆ ಹೋಗುತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಮೂರು ತಿಂಗಳು ಇಷ್ಟು ಮಾಡಿ. ಮೆಷಿನ್ ಮುಂದಿನ ಸ್ಟೂಲಿನಲ್ಲಿ ಕೂತಲ್ಲೇ ಕಾಲನ್ನು ನೆಟ್ಟಗೆ ಚಾಚಿ, ತೊಡೆ ಬಿಗಿಹಿಡಿದು ಹತ್ತು ಎಣಿಸಿ, ಇಳಿಸಿ. ಪ್ರತಿ ಪ್ಯಾಂಟು ಮುಗಿದಾಗ ಹತ್ತು ಸಲ. ಪೆಡಲ್ ಮೆಷಿನ್ ಆದರೆ ಮೋಟಾರ್ ಹಾಕಿಸಿ. ತೂಕ ಐದಾರು ಕೆಜಿ ಇಳಿದರೆ ಅದಕ್ಕಿಂತ ಒಳ್ಳೆಯ ಮಾತ್ರೆ ನನ್ನ ಬಳಿ ಇಲ್ಲ. ಸಂಜೆಯ ಒಗ್ಗರಣೆ ಮಂಡಕ್ಕಿ ಬಿಡಿ ಎನ್ನುವುದಿಲ್ಲ, ಜೊತೆಗಿನ ಮೆಣಸಿನಕಾಯಿ ಬಜ್ಜಿ ನಾಲ್ಕರಿಂದ ಒಂದಕ್ಕಿಳಿಯಲಿ. ಮೂರು ತಿಂಗಳಾದರೂ ನೋವು ಜಗ್ಗದಿದ್ದರೆ, ನಡುವೆ ಯಾವತ್ತಾದರೂ ಮೊಣಕಾಲು ಲಾಕ್ ಆದರೆ, ಬನ್ನಿ. ಆಗ ನಿಂತುಕೊಂಡು ತೆಗೆಸಿದ ಎಕ್ಸ್‌ರೇ ತನ್ನಿ. ಮಲಗಿಸಿ ತೆಗೆದದ್ದರಲ್ಲಿ ಸವೆತ ಸರಿಯಾಗಿ ಕಾಣುವುದಿಲ್ಲ.

ಪ್ರಶ್ನೆ: ಮಗಳಿಗೆ 19 ವರ್ಷ, ಕಾಲೇಜು ಕಬಡ್ಡಿ ಟೀಮಿನ್ಯಾಗ ರೈಡರ್. ನಾಲ್ಕು ತಿಂಗಳ ಹಿಂದ ರೈಡ್ ಹೋದಾಗ ಪಾದ ಅಲ್ಲೇ ನಿಂತು ಮೊಣಕಾಲು ತಿರುವಿತು, ಟಕ್ ಅಂದಿದ್ದು ನಮಗ ಹೊರಗ ಕೇಳಿಸ್ತು. ಈಗ ನಡದ್ರ ಏನಿಲ್ಲ, ಓಡಿದ್ರ ಸಂಜಿಗೆ ಬಾವು ಬರ್ತೈತಿ. ಲಿಗಮೆಂಟ್ ಚಲೋ ಐತಿ, ಎಲುಬಿನ ಮ್ಯಾಲಿನ ಗುಜ್ಜು 1.5 ಸೆಂಟಿಮೀಟರ್ ಉದ್ದ 1.2 ಅಗಲ ಪೂರ್ತಿ ಕಿತ್ತೈತಿ, ಗ್ರೇಡ್ 4 ಅಂತ ಬರದಾರ. ಒಬ್ಬ ಡಾಕ್ಟರ್ ತೂತು ಹಾಕ್ತೀನಿ ಅಂದ್ರು. ಇನ್ನೊಬ್ರು ಜೀವಕೋಶ ಬೆಳಸಿ ಹಾಕ್ತೀವಿ, ಭಾಳ ಲಕ್ಷ ಆಗ್ತೈತಿ ಅಂದ್ರು. ಮೂರನೇದವ್ರು ಹಂಗ ಬಿಡ್ರಿ ಅಂದ್ರು. ಯಾರ ಮಾತು ಖರೆ?
– ರೈತರು, ಕುಕನೂರು ತಾಲೂಕು

ಉತ್ತರ: ಮೂವರೂ ಸುಳ್ಳು ಹೇಳಿಲ್ಲ. ಮೂವರೂ ಅವರವರಿಗೆ ಒಗ್ಗಿದ್ದನ್ನು ಹೇಳಿದ್ದಾರೆ, ಅಷ್ಟೇ.

ಈ ಹೊದಿಕೆಗೆ ರಕ್ತನಾಳ ಇಲ್ಲ, ನರವೂ ಇಲ್ಲ. ಕೀಲಿನೊಳಗಿನ ಜಿಗುಟು ನೀರನ್ನೇ ಹೀರಿಕೊಂಡು ಬದುಕುತ್ತದೆ. ಚರ್ಮ ಕೆರೆದರೆ ರಕ್ತ ಬಂದು ಹೆಪ್ಪುಗಟ್ಟಿ ಗಾಯ ಮಾಯುತ್ತದೆ. ಇಲ್ಲಿ ರಕ್ತವೇ ಬರದ ಮೇಲೆ ಮಾಯುವುದೆಲ್ಲಿಂದ? ನರ ಇಲ್ಲದ್ದರಿಂದ ಹೊದಿಕೆಗೇ ನೋವು ಗೊತ್ತಾಗುವುದಿಲ್ಲ, ಕೆಳಗಿನ ಎಲುಬು ಬರಿದಾದಾಗ, ಕೀಲಿನ ಒಳಪೊರೆ ಕೆರಳಿದಾಗ ನೋಯುತ್ತದೆ. ವಿಲಿಯಂ ಹಂಟರ್ ಎಂಬ ವೈದ್ಯ 1743ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ, ಗುಜ್ಜು ಒಮ್ಮೆ ಹಾಳಾದರೆ ಮತ್ತೆ ಬರುವುದಿಲ್ಲವೆಂದು ಹೇಳಿಬಿಟ್ಟಿದ್ದ. ಆಮೇಲೆ ನಾವು ಕಂಡುಕೊಂಡದ್ದೆಲ್ಲ ಆ ಮಾತನ್ನು ಸುತ್ತಿಬಳಸಿ ದಾಟುವ ದಾರಿಗಳು.

ತೂತು ಹಾಕುವುದೆಂದರೆ ಮೈಕ್ರೋಫ್ರಾಕ್ಚರ್. ಅಮೆರಿಕದ ರಿಚರ್ಡ್ ಸ್ಟೆಡ್‌ಮನ್ 1980ರ ದಶಕದಲ್ಲಿ ಬಳಕೆಗೆ ತಂದದ್ದು. ನಿಮ್ಮ ಕುಕನೂರು–ಯಲಬುರ್ಗಾ ಕಡೆ ಮೇಲೆ ನೀರಿಲ್ಲದಿದ್ದರೆ ಬೋರು ಕೊರೆಸುತ್ತೀರಲ್ಲ, ಅದೇ ಉಪಾಯ. ಗುಜ್ಜು ಹೋದ ಜಾಗದ ಎಲುಬಿಗೆ ಮೂರ್ನಾಲ್ಕು ಮಿಲಿಮೀಟರಿಗೊಂದರಂತೆ ಸಣ್ಣ ರಂಧ್ರ ಕೊರೆಯುತ್ತೇವೆ. ಒಳಗಿನ ಮಜ್ಜೆ ಮೇಲೆ ಒಸರಿ ಹೆಪ್ಪುಗಟ್ಟಿ, ತಿಂಗಳುಗಳಲ್ಲಿ ಗುಜ್ಜಿನಂಥದ್ದು ಆಗುತ್ತದೆ. ಗುಜ್ಜಿನಂಥದ್ದು ಅಂದೆ, ಗುಜ್ಜು ಅನ್ನಲಿಲ್ಲ. ಕಡಪಾ ಕಲ್ಲಿನ ನೆಲದಲ್ಲಿ ಒಂದು ಹಾಸು ಕಿತ್ತು ಅಲ್ಲಿಗೆ ಸಿಮೆಂಟು ಮೆತ್ತಿದ ಹಾಗೆ. ಓಡಾಡಲು ಸಾಕು. ಎರಡು ವರ್ಷ ಚೆನ್ನಾಗಿರುತ್ತದೆ. ಐದು ವರ್ಷ ದಾಟುವಷ್ಟರಲ್ಲಿ ಹಲವರಲ್ಲಿ, ಅದರಲ್ಲೂ ಆಟಗಾರರಲ್ಲಿ, ನವೆಯತೊಡಗುತ್ತದೆ.

ಯಾರೂ ನಿಮಗೆ ಹೇಳದ ಇನ್ನೊಂದು ದಾರಿ ಇದೆ: ಮೊಸಾಯಿಕ್‌ಪ್ಲಾಸ್ಟಿ. ಹಂಗೇರಿಯ ಲಾಸ್ಲೊ ಹ್ಯಾಂಗೊಡಿ 1990ರ ದಶಕದ ಆರಂಭದಲ್ಲಿ ರೂಢಿಗೆ ತಂದರು. ಅದೇ ಮೊಣಕಾಲಿನಲ್ಲಿ ಭಾರ ಬೀಳದ ಅಂಚಿನಿಂದ, ಗುಜ್ಜು ಮತ್ತು ಅದರಡಿಯ ಎಲುಬು ಸೇರಿದ ಸಣ್ಣ ಬೆಣೆಗಳನ್ನು ತೆಗೆದು ಕಿತ್ತ ಜಾಗಕ್ಕೆ ಕೂರಿಸುವುದು. ಬೇರಿನ ಮಣ್ಣು ಉದುರದಂತೆ ಗಡ್ಡೆ ಸಮೇತ ಸಸಿ ಕಿತ್ತು ನೆಡುತ್ತೀರಲ್ಲ, ಹಾಗೆ. ಕೂತದ್ದು ಅಸಲು ಗುಜ್ಜು. ಲಿಥುವೇನಿಯಾದವರು 60 ಮಂದಿ ಯುವ ಕ್ರೀಡಾಪಟುಗಳಲ್ಲಿ ಎರಡನ್ನೂ ಹೋಲಿಸಿ 2005ರಲ್ಲಿ ಪ್ರಕಟಿಸಿದರು. ಬೆಣೆ ನೆಟ್ಟವರಲ್ಲಿ ಶೇಕಡಾ 93 ಮಂದಿ ಮೊದಲಿನ ಮಟ್ಟದ ಆಟಕ್ಕೆ ಮರಳಿದ್ದರು, ರಂಧ್ರ ಕೊರೆದವರಲ್ಲಿ 52. ಇದಕ್ಕೂ ಮಿತಿ ಇದೆ. ಒಂದು ಕಡೆ ಕಿತ್ತು ಇನ್ನೊಂದು ಕಡೆ ನೆಡುವುದರಿಂದ ದೊಡ್ಡ ಗಾಯಕ್ಕೆ ಬೆಣೆ ಸಾಲುವುದಿಲ್ಲ, ಕಿತ್ತ ಜಾಗವೂ ಕೆಲವರಿಗೆ ನೋಯುತ್ತದೆ.

ಜೀವಕೋಶ ಬೆಳೆಸುವುದು ಸ್ವೀಡನ್ನಿನ ಕೆಲಸ. 1994ರಲ್ಲಿ 23 ರೋಗಿಗಳ ಫಲಿತಾಂಶ ಬಂದಾಗ ನಾವೆಲ್ಲ ಬೆರಗಾಗಿದ್ದೆವು. ಒಮ್ಮೆ ದುರ್ಬೀನು ಹಾಕಿ ಚಿಟಿಕೆಯಷ್ಟು ಗುಜ್ಜು ತೆಗೆದು, ಪ್ರಯೋಗಾಲಯದಲ್ಲಿ ಕೆಲವು ವಾರ ಬೆಳೆಸಿ, ಎರಡನೇ ಆಪರೇಷನ್ನಿನಲ್ಲಿ ಹಾಕುವುದು. ಗಾಯ ಮೂರು ನಾಲ್ಕು ಚದರ ಸೆಂಟಿಮೀಟರ್ ಇದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಿಮ್ಮ ಮಗಳದ್ದು ಗುಣಿಸಿ ನೋಡಿ, 1.8. ಅಷ್ಟಕ್ಕೆ ಎರಡು ಆಪರೇಷನ್ನು, ಅಷ್ಟೊಂದು ಲಕ್ಷ ಬೇಡ. ಹಾಗೇ ಬಿಡಿ ಎಂದವರ ಮಾತು, ಓಡಿದರೂ ಬಾವು ಬಾರದ ಹುಡುಗಿಗೆ ಒಪ್ಪುತ್ತಿತ್ತು. ಇವಳಿಗೆ ಬರುತ್ತಿದೆ, ವಯಸ್ಸು 19.

ನನ್ನ ಮಗಳಾಗಿದ್ದರೆ ಮೊಸಾಯಿಕ್ ಮಾಡಿಸುತ್ತಿದ್ದೆ. ಅದಕ್ಕೆ ಮುಂಚೆ ಸೊಂಟದಿಂದ ಪಾದದವರೆಗೆ, ನಿಲ್ಲಿಸಿ, ಉದ್ದ ಎಕ್ಸ್‌ರೇ ತೆಗೆಸುತ್ತಿದ್ದೆ. ಕಾಲು ಬಿಲ್ಲಿನಂತೆ ಬಾಗಿದ್ದರೆ ಭಾರವೆಲ್ಲ ನೆಟ್ಟ ಜಾಗಕ್ಕೇ ಬೀಳುತ್ತದೆ, ಮೊದಲು ಅದನ್ನು ನೆಟ್ಟಗೆ ಮಾಡಬೇಕು. ಇನ್ನೊಂದು ಮಾತು ಕೇಳಿ ತಿಳಿದುಕೊಳ್ಳಿ: ಕಿತ್ತ ತುಂಡು ಎಲ್ಲಿ ಹೋಯಿತು? ಕೆಲವೊಮ್ಮೆ ಅದು ಕೀಲಿನೊಳಗೇ ಓಡಾಡಿಕೊಂಡಿರುತ್ತದೆ, ಇವತ್ತು ಇಲ್ಲಿ, ನಾಳೆ ಅಲ್ಲಿ. ಪೆಟ್ಟಾದ ಹೊಸದರಲ್ಲಿ, ಅಡಿಯಲ್ಲಿ ಎಲುಬಿನ ಚಕ್ಕೆಯೂ ಅಂಟಿಕೊಂಡಿದ್ದರೆ, ಅದನ್ನೇ ಮರಳಿ ಕೂರಿಸಬಹುದಿತ್ತು. ನಾಲ್ಕು ತಿಂಗಳಾದ ಮೇಲೆ ತೆಗೆದುಹಾಕುವುದೇ ಹೆಚ್ಚು.

ಇನ್ನು ಆಪರೇಷನ್ ಆದ ಮೇಲಿನದು, ಜನ ಸೋಲುವುದು ಇಲ್ಲೇ. ಆರು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ, ಎರಡು ಕೋಲು. ಆದರೆ ಮಡಚಿ ಚಾಚುವುದು ಮೊದಲ ವಾರದಿಂದಲೇ ಆಗಬೇಕು, ಗುಜ್ಜಿಗೆ ಊಟ ಸಿಗುವುದು ಆ ಅಲುಗಾಟದಿಂದ. ಮನೆಯಲ್ಲಿ ಕೂರುವ ಸಂಡಾಸು ಇಲ್ಲದಿದ್ದರೆ ಹಳೇ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊಯ್ಸಿ ಇಡಿ. ಇದನ್ನು ಆಪರೇಷನ್ನಿಗೆ ಮುಂಚೆ ಮಾಡಿ, ಆಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ. ಕಬಡ್ಡಿ ಎಂಟು ಒಂಬತ್ತು ತಿಂಗಳ ಮೇಲೆ. ಮೂರನೇ ತಿಂಗಳಿಗೆ ಅವಳಿಗೆ ನೋವೇ ಇರುವುದಿಲ್ಲ, ಕೋಚು ಮನೆಗೆ ಬರುತ್ತಾರೆ. ಆಗ ಗಟ್ಟಿಯಾಗಬೇಕಾದವರು ನೀವು. ಸಿರುಗುಪ್ಪ ಕಡೆಯ ಹುಡುಗನೊಬ್ಬನಿಗೆ ರಂಧ್ರ ಕೊರೆದು ಕಳಿಸಿದ್ದೆ. ಮೂರನೇ ವಾರಕ್ಕೆ ಕೋಲು ಬಿಸಾಕಿ ಬುಲೆಟ್ ಗಾಡಿಗೆ ಕಿಕ್ ಹೊಡೆದ. ಕೊರೆದ ಬೋರಿನಲ್ಲಿ ಬಂದ ನೀರು ಅಲ್ಲಿಗೆ ಹೋಯಿತು.

ಖರ್ಚಿನ ಬಗ್ಗೆ: ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಕೊಪ್ಪಳದಲ್ಲೇ ಮೆಡಿಕಲ್ ಕಾಲೇಜಿದೆ. ನಿಮ್ಮ ಆಪರೇಷನ್ ಪಟ್ಟಿಯಲ್ಲಿ ಯಾವ ಹೆಸರಿನಲ್ಲಿ ಬರುತ್ತದೆ, ರೆಫರಲ್ ಬೇಕೇ ಎಂದು ಅಲ್ಲಿನ ಆರೋಗ್ಯಮಿತ್ರರನ್ನು ಕೇಳಿ. ಖಾಸಗಿಯಲ್ಲಿ ಮಾಡಿಸಿಕೊಂಡ ಮೇಲೆ ಬಿಲ್ಲು ಹಿಡಿದು ಬಂದವರನ್ನು ಬಹಳ ನೋಡಿದ್ದೇನೆ.

ಪ್ರಶ್ನೆ: ಕುಂತು ಏಳುವಾಗ ಎರಡೂ ಮೊಣಕಾಲು ಟಕಟಕ ಅಂತಾವೆ. ನೋವಿಲ್ಲ. ವಯಸ್ಸು 21. ಗುಜ್ಜು ಹೋಯ್ತಾ?
– ವಿದ್ಯಾರ್ಥಿ, ಸಿರುಗುಪ್ಪ

ಉತ್ತರ: ಇಲ್ಲ. ನೋವಿಲ್ಲದ, ಬಾವಿಲ್ಲದ ಸದ್ದಿಗೆ ಔಷಧವೂ ಇಲ್ಲ. ಮೊಬೈಲಿನಲ್ಲಿ ಹುಡುಕುವುದನ್ನು ನಿಲ್ಲಿಸಿ.

ಪ್ರಶ್ನೆ: ಹಟ್ಟಿ ಗಣಿಯಾಗ ಒಳಗಿನ ಕೆಲಸ ನಂದು. 31 ವರ್ಷ. ಎರಡು ತಿಂಗಳ ಹಿಂದ ಕುಕ್ಕರಗಾಲಲ್ಲಿ ಕುಂತು ತಿರುಗಿ ಏಳಾಕ ಹೋದಾಗ ಮೊಣಕಾಲು ಲಾಕ್ ಆತು. ಅಲ್ಲಾಡಿಸಿದ್ರ ಬಿಡ್ತಿತ್ತು. ಈಗ ಎಂಟು ದಿನ ಆತು, ನೆಟ್ಟಗ ಆಗವಲ್ದು. ಒಬ್ರು ಹೊಲಿಗಿ ಹಾಕ್ತೀನಿ, ನಾಲ್ಕೈದು ತಿಂಗಳು ಗಣಿಗೆ ಇಳಿಬ್ಯಾಡ ಅಂತಾರ. ಇನ್ನೊಬ್ರು ಕತ್ತರಿಸಿ ತಗದ್ರ ಒಂದೂವರಿ ತಿಂಗಳಿಗೆ ಡ್ಯೂಟಿ ಅಂತಾರ. ಮನ್ಯಾಗ ದುಡಿಯೋನು ನಾ ಒಬ್ಬನ.
– ಕಾರ್ಮಿಕ, ಹಟ್ಟಿ

ಉತ್ತರ: ಈ ಪತ್ರವನ್ನು ಪತ್ರಿಕೆಗೆ ಕಾಯಿಸದೆ ಸಂಪಾದಕರ ಮೂಲಕ ಅಂದೇ ಉತ್ತರಿಸಿದ್ದೇನೆ. ಬೇರೆಯವರಿಗೂ ಬೇಕಾಗಬಹುದೆಂದು ಇಲ್ಲಿ ಹಾಕುತ್ತಿದ್ದೇನೆ.

ಮೊದಲಿಗೆ, ಅಲ್ಲಾಡಿಸಿ ಬಿಡಿಸಿಕೊಳ್ಳುವುದನ್ನು ನಿಲ್ಲಿಸಿ. ನಿಮ್ಮ ವಾಷರ್ ಉದ್ದಕ್ಕೆ ಸೀಳಿ, ಸೀಳಿದ ತುಂಡು ಬಕೆಟ್ಟಿನ ಹಿಡಿಯ ಹಾಗೆ ಮಗುಚಿ ಕೀಲಿನ ನಡುವೆ ಸಿಕ್ಕಿಕೊಂಡಿದೆ. ನಾವೂ ಬಕೆಟ್ ಹ್ಯಾಂಡಲ್ ಎಂದೇ ಕರೆಯುತ್ತೇವೆ. ಪ್ರತಿ ಸಲ ಬಲವಂತಕ್ಕೆ ನೆಟ್ಟಗೆ ಮಾಡಿದಾಗ ಆ ಹಿಡಿ ಜಜ್ಜುತ್ತದೆ, ಎಲುಬಿನ ಹೊದಿಕೆಯೂ ತರಚುತ್ತದೆ. ಜಜ್ಜಿದ್ದಕ್ಕೆ ಹೊಲಿಗೆ ಹಿಡಿಯುವುದಿಲ್ಲ. ಟೈಲರ್ ಸಾಹೇಬರಿಗೆ ಕಾಯಿರಿ ಎಂದ ನಾನೇ ನಿಮಗೆ ವಾರದೊಳಗೆ ಮಾಡಿಸಿಕೊಳ್ಳಿ ಎನ್ನುತ್ತೇನೆ.

ವಾಷರಿನ ಹೊರ ಅಂಚಿಗೆ, ಸುಮಾರು ಕಾಲು ಭಾಗದಷ್ಟಕ್ಕೆ, ರಕ್ತ ಹರಿಯುತ್ತದೆ. ಒಳಗಿನದಕ್ಕೆ ಇಲ್ಲ. ಸೀಳು ಹೊರ ಅಂಚಿನ ಹತ್ತಿರ ಇದ್ದರೆ ಹೊಲಿದರೆ ಕೂಡುತ್ತದೆ. ನಿಮ್ಮ ವಯಸ್ಸಿನವರ ಬಕೆಟ್ ಹ್ಯಾಂಡಲ್‌ಗಳಲ್ಲಿ ಎಷ್ಟೋ ಹಾಗೆಯೇ ಇರುತ್ತವೆ. ಲೋಕದಲ್ಲಿ ಮೊದಲ ಸಲ ಹೀಗೆ ವಾಷರ್ ಹೊಲಿದದ್ದು ಯಾರಿಗೆ ಗೊತ್ತೇ? ನಿಮ್ಮಂಥ ಗಣಿ ಕಾರ್ಮಿಕನಿಗೆ. 1883ರಲ್ಲಿ, ಎಡಿನ್‌ಬರೋದ ಥಾಮಸ್ ಅನ್ನಾಂಡೇಲ್ ಎಂಬ ಸರ್ಜನ್. ದುರ್ಬೀನು ಇಲ್ಲ, ಆಂಟಿಬಯಾಟಿಕ್ ಇಲ್ಲ, ಕೀಲು ತೆರೆದು ಹೊಲಿದ. ಆ ಮನುಷ್ಯ ಮತ್ತೆ ಕೆಲಸಕ್ಕೆ ಹೋದ.

ಹೊಲಿದರೆ ಆರು ವಾರ ಪೂರ್ತಿ ಮಡಚುವಂತಿಲ್ಲ, ನಾಲ್ಕು ತಿಂಗಳು ಕುಕ್ಕರಗಾಲು ಇಲ್ಲ, ಭಾರ ಎತ್ತುವಂತಿಲ್ಲ. ಅಷ್ಟು ಮಾಡಿದರೂ ಸುಮಾರು ಐದರಲ್ಲೊಂದು ಹೊಲಿಗೆ ಬಿಟ್ಟು ಮತ್ತೆ ಒಳಗೆ ಹೋಗಬೇಕಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಕತ್ತರಿಸಿದರೆ ಆರು ವಾರಕ್ಕೆ ಶಾಫ್ಟಿನ ಬಾಗಿಲಲ್ಲಿರುತ್ತೀರಿ, ಅದೂ ನಿಜ. ಆದರೆ ನಿಮಗಿನ್ನೂ ಇಪ್ಪತ್ತೈದು ವರ್ಷದ ಸರ್ವೀಸ್ ಇದೆ. ವಾಷರ್ ಇಲ್ಲದ ಮೊಣಕಾಲು ಇಪ್ಪತ್ತೈದು ವರ್ಷದಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಈ ಅಂಕಣದ ಕೊನೆಯ ಪ್ರಶ್ನೆ ಓದಿ.

ಸಹಿ ಹಾಕುವಾಗ ‘ಹೊಲಿಯಲು ಬಂದರೆ ಹೊಲಿಯಿರಿ, ಬರದಿದ್ದರೆ ಮಾತ್ರ ತೆಗೆಯಿರಿ’ ಎಂದು ಬಾಯಿಬಿಟ್ಟು ಹೇಳಿ. ನಿರ್ಧಾರ ಆಗುವುದು ದುರ್ಬೀನು ಒಳಗಿಟ್ಟ ಮೇಲೆ. ಹೊಲಿಯುವ ಸಾಮಾನು ಆ ದಿನ ಥಿಯೇಟರಿನಲ್ಲಿ ಇದೆಯೇ ಅಂತಲೂ ಕೇಳಿ. ನಾಚಿಕೆ ಬೇಡ. ಡ್ಯೂಟಿಗೆ ಮರಳುವಾಗ ಮೇಲಿನ ಹಗುರ ಕೆಲಸ ಬರೆಸಿಕೊಡಲು ಸರ್ಜನ್ನರನ್ನು ಕೇಳಿ, ಆ ಕಾಗದ ಬರೆಯಲು ನಮಗೆ ಐದು ನಿಮಿಷ ಸಾಕು.

ಪ್ರಶ್ನೆ: ನಾಟಿ ಹಚ್ಚುವಾಗ ಬಗ್ಗಿ ಕೆಸರಾಗಿಂದ ಕಾಲು ಕೀಳಾಕ ಹೋದೆ, ಮೊಣಕಾಲು ಹಿಂದುಗಡೆ ಟಪ್ ಅಂತು. ಅವತ್ತಿಂದ ಕುಂಟ್ತೀನಿ, ಐದು ವಾರ ಆತು. ವಯಸ್ಸು 48. ಜೆಲ್ಲಿನ ಇಂಜೆಕ್ಷನ್ ಕೊಟ್ರು, ಗುಜ್ಜು ಬೆಳಿಯೋ ಮಾತ್ರಿ ಬರದುಕೊಟ್ರು, ತಿಂಗಳಿಗೆ ಸಾವಿರದ ಮ್ಯಾಲ ಆಗ್ತೈತಿ. ಮುಂದುವರಸ್ಲಾ?
– ಕೃಷಿ ಕಾರ್ಮಿಕರು, ಸಿಂಧನೂರು

ಉತ್ತರ: ಮಾತ್ರೆ ನಿಲ್ಲಿಸಿ ಅಕ್ಕಾ. ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಎಂಬ ಆ ಮಾತ್ರೆಗಳನ್ನು ಅಮೆರಿಕದಲ್ಲಿ 1,583 ಜನರ ಮೇಲೆ ಪರೀಕ್ಷಿಸಿ 2006ರಲ್ಲಿ ವರದಿ ಕೊಟ್ಟರು. ಒಟ್ಟಾರೆ ನೋಡಿದರೆ ಬರೀ ಸಕ್ಕರೆ ಮಾತ್ರೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಗುಜ್ಜು ಬೆಳೆಸುವ ಮಾತ್ರೆ ಇದ್ದಿದ್ದರೆ ನಾನೇ ಮೊದಲು ನುಂಗುತ್ತಿದ್ದೆ. ಜೆಲ್ ಕೆಲವರಿಗೆ ಕೆಲವು ತಿಂಗಳು ಹಿತ ಕೊಡುತ್ತದೆ, ಏನನ್ನೂ ಬೆಳೆಸುವುದಿಲ್ಲ. (ಅದರಲ್ಲಿ ಒಂದು ಬಗೆಯನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಾರೆ. ಒಬ್ಬ ಶುದ್ಧ ಸಸ್ಯಾಹಾರಿ ಯಜಮಾನರಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಇದನ್ನು ಹೇಳಿ ಬೈಸಿಕೊಂಡಿದ್ದೇನೆ.)

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾದದ್ದು ಆ ‘ಟಪ್’. ಐವತ್ತರ ಆಸುಪಾಸಿನ ಹೆಂಗಸರು, ಕುಕ್ಕರಿಸಿ ಬಗ್ಗಿ ಕೆಲಸ ಮಾಡುವವರು, ಮೊಣಕಾಲ ಹಿಂದೆ ಟಪ್ ಎಂದ ದಿನವನ್ನು ನೆನಪಿಟ್ಟು ಹೇಳಿದರೆ ನಾನು ಕಿವಿ ನಿಮಿರಿಸುತ್ತೇನೆ. ವಾಷರು ತನ್ನ ಬೇರಿನಿಂದಲೇ ಕಿತ್ತಿರುವ ಸಾಧ್ಯತೆ ಇದೆ. ಬಂಡಿಗಾಲಿಗೆ ಹೊರಗಿಂದ ಕಬ್ಬಿಣದ ಪಟ್ಟಾ ಬಿಗಿದಿರುತ್ತಾರಲ್ಲ, ಅದು ಒಂದು ಕಡೆ ಕಡಿದರೂ ಸಾಕು, ಗಾಲಿಯ ಕಟ್ಟಿಗೆ ಬಿಚ್ಚಿಕೊಳ್ಳುತ್ತದೆ. ಬೇರು ಕಿತ್ತ ವಾಷರ್ ಇದ್ದೂ ಇಲ್ಲದಂತೆ. ಕೀಲಿನ ಮೇಲೆ ಬೀಳುವ ಒತ್ತಡ ಇಡೀ ವಾಷರ್ ತೆಗೆದುಹಾಕಿದಷ್ಟೇ ಏರುತ್ತದೆಂದು ಪ್ರಯೋಗಾಲಯದಲ್ಲಿ ಅಳೆದಿದ್ದಾರೆ. ಮೇಲೆ ಟೈಲರ್‌ಗೆ ಎಂಆರ್‌ಐ ನಂಬಬೇಡಿ ಎಂದವನು ನಿಮಗೆ ಈ ವಾರವೇ ಎಂಆರ್‌ಐ ಮಾಡಿಸಿ ಎನ್ನುತ್ತಿದ್ದೇನೆ. ವ್ಯತ್ಯಾಸ ನಿಮ್ಮ ಕಥೆಯಲ್ಲಿದೆ, ಯಂತ್ರದಲ್ಲಿಲ್ಲ.

ಬೇರು ಕಿತ್ತಿದ್ದು ಖಚಿತವಾಗಿ, ಎಲುಬಿನ ಹೊದಿಕೆ ಇನ್ನೂ ಚೆನ್ನಾಗಿದ್ದರೆ, ಕಣಕಾಲಿನ ಎಲುಬಿನಲ್ಲಿ ಸಣ್ಣ ಸುರಂಗ ಕೊರೆದು, ವಾಷರಿನ ತುದಿಗೆ ದಾರ ಹಾಕಿ ಕೆಳಗೆಳೆದು, ಮುಂದೆ ಗುಂಡಿಯಂಥದ್ದಕ್ಕೆ ಕಟ್ಟುತ್ತೇವೆ. ಹೊದಿಕೆ ಆಗಲೇ ಸವೆದಿದ್ದರೆ ಕಟ್ಟಿ ಪ್ರಯೋಜನವಿಲ್ಲ. ಆದ್ದರಿಂದಲೇ ಅವಸರ. ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಕಾರ್ಡು ಹಿಡಿದು ಹೋಗಿ. ಈ ಪತ್ರಿಕೆಯ ಪುಟ ತೋರಿಸಬೇಕಿಲ್ಲ, ‘ಟಪ್ ಅಂತು’ ಎಂಬ ಮಾತನ್ನು ಮರೆಯದೆ ಹೇಳಿ. ಕಟ್ಟಿಸಿಕೊಂಡರೆ ಆರು ವಾರ ಕಾಲೂರುವಂತಿಲ್ಲ. ಮುಂದಿನ ನಾಟಿಗೆ ನೀವು ಇಲ್ಲ. ಕೂಲಿಯ ಲೆಕ್ಕ ನನಗೂ ಗೊತ್ತು. ಸಸಿ ಕಟ್ಟು ಕೊಡುವ ಕೆಲಸ, ಬದುವಿನ ಮೇಲೆ ನಿಂತು ಮಾಡುವಂಥದ್ದು, ಮೇಸ್ತ್ರಿಯ ಹತ್ತಿರ ಈಗಲೇ ಮಾತಾಡಿಕೊಳ್ಳಿ.

ಪ್ರಶ್ನೆ: ತಾಯಿಗೆ 66. ಎರಡೂ ಕಾಲು ಹೊರಗ ಬಾಗ್ಯಾವ. ಮೊದ್ಲು ವರ್ಷಾ ಅಂಜನಾದ್ರಿ ಹತ್ತತಿದ್ರು, ಈಗ ಓಣಿ ದಾಟಾಕ ಆಗವಲ್ದು. ಮೊಣಕಾಲು ಬದಲಿ ಮಾಡಿಸ್ರಿ ಅಂತಾರ. ಯೂಟ್ಯೂಬಿನ್ಯಾಗ ಗುಜ್ಜು ನಾಟಿ ಮಾಡೋದು ನೋಡೀನಿ, ಲೋಹ ಹಾಕೋದ್ಕಿಂತ ಅದು ಚಲೋ ಅಲ್ಲೇನ್ರಿ?
– ಅಕ್ಕಿ ವ್ಯಾಪಾರಿ, ಗಂಗಾವತಿ

ಉತ್ತರ: ಗದ್ದೆಯಲ್ಲಿ ಅಲ್ಲಲ್ಲಿ ಸಸಿ ಸತ್ತಿದ್ದರೆ ಆ ಜಾಗಕ್ಕೆ ಮತ್ತೆ ನೆಡಬಹುದು. ಇಡೀ ಮಡಿಗೆ ಸವಳು ಹತ್ತಿದ್ದರೆ ಎಷ್ಟು ನೆಟ್ಟರೂ ನಿಲ್ಲುವುದಿಲ್ಲ. ತುಂಗಭದ್ರಾ ಕಾಲುವೆಯ ಕೆಳಗಿನವರಿಗೆ ಸವಳು ಏನೆಂದು ಬಿಡಿಸಿ ಹೇಳುವ ಅಗತ್ಯ ಇಲ್ಲ. ನಾಟಿ ಹಿಡಿಯಲು ಸುತ್ತಲೂ ಗಟ್ಟಿ ಗುಜ್ಜಿನ ಬದು ಬೇಕು. ನಿಮ್ಮ ತಾಯಿಯ ಎಕ್ಸ್‌ರೇಯಲ್ಲಿ ಎಲುಬಿಗೆ ಎಲುಬು ತಾಗಿದೆ, ಬದುವೇ ಇಲ್ಲ. ಬದಲಿ ಕೀಲೇ ಸರಿ, 66 ಅದಕ್ಕೆ ತಕ್ಕ ವಯಸ್ಸು. ಇದೇ ಬಾಗು 45ರಲ್ಲಿ, ಒಳಬದಿ ಮಾತ್ರ ಸವೆದಾಗ ಬಂದಿದ್ದರೆ ಎಲುಬು ಕತ್ತರಿಸಿ ನೆಟ್ಟಗೆ ಮಾಡಿ ಹತ್ತಾರು ವರ್ಷ ದೂಡಬಹುದಿತ್ತು.

2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮೊಣಕಾಲಿಗೆ ಬೆಲೆ ಮಿತಿ ಹಾಕಿತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್–ಕ್ರೋಮಿಯಂ ಜೋಡಣೆಗೆ ಆಗ 54,720 ರೂಪಾಯಿ, ತೆರಿಗೆ ಬೇರೆ. ಆಸ್ಪತ್ರೆಯ ಖರ್ಚು ಅದರಲ್ಲಿ ಸೇರಿಲ್ಲ. ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಬೇರೆಯಾಗಿ ಬರೆದುಕೊಡಲು ಕೇಳಿ.

ಅಂಜನಾದ್ರಿಯ 575 ಮೆಟ್ಟಿಲು ಹತ್ತಿಸುತ್ತೇನೆಂದು ಮಾತು ಕೊಡಲಾರೆ. ಓಣಿ ದಾಟುತ್ತಾರೆ, ಮನೆ ಮಹಡಿ ಹತ್ತುತ್ತಾರೆ. ಬೆಟ್ಟದ ಬುಡದಿಂದ ಕೈಮುಗಿದರೂ ಹನುಮಪ್ಪ ಬೇಡವೆನ್ನಲಾರ. ಹತ್ತಲೇಬೇಕೆಂದರೆ ವರ್ಷ ಕಳೆದ ಮೇಲೆ, ಕಟಾಂಜನ ಹಿಡಿದು, ಇಳಿಯುವಾಗ ಇನ್ನೂ ನಿಧಾನ.

ಪ್ರಶ್ನೆ: ಮೋತಿ ಸರ್ಕಲ್ ಹತ್ರ ಬೆಳಿಗ್ಗೆ ವಾಕಿಂಗ್‌ನಾಗ ನಿಮ್ಮನ್ನ ನೋಡ್ತೀನಿ. ತಪ್ಪು ತಿಳ್ಕೋಬೇಡಿ ಸಾರ್. ಮೊಣಕಾಲು ಡಾಕ್ಟ್ರು ನೀವೇ ಯಾಕೆ ಕುಂಟ್ತೀರಿ?
– ಓದುಗ, ಬಳ್ಳಾರಿ

ಉತ್ತರ: ಈ ಪ್ರಶ್ನೆಯನ್ನು ಸಂಪಾದಕರು ತೆಗೆದುಹಾಕಿದ್ದರು, ನಾನೇ ಕೇಳಿ ಹಾಕಿಸಿದೆ.

1991ರಲ್ಲಿ ನಾನು ಹೌಸ್ ಸರ್ಜನ್. ವಾಲಿಬಾಲ್ ಆಟದಲ್ಲಿ ನೆಟ್ಟಿನ ಹತ್ತಿರ ನೆಗೆದು ಇನ್ನೊಬ್ಬನ ಪಾದದ ಮೇಲೆ ಇಳಿದೆ. ಹಟ್ಟಿಯ ತಮ್ಮನಿಗೆ ಆದದ್ದೇ ನನಗೂ ಆಯಿತು, ಮೊಣಕಾಲು ಲಾಕ್. ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಹೋದೆ. ಜಪಾನಿನ ವಟನಬೆ ದುರ್ಬೀನಿನ ಮೂಲಕ ವಾಷರಿನ ಹರಿದ ಚೂರನ್ನಷ್ಟೇ ಕತ್ತರಿಸಿ ತೋರಿಸಿದ್ದು 1962ರಲ್ಲಿ. ಮೂವತ್ತು ವರ್ಷವಾಗುತ್ತ ಬಂದರೂ ಅದು ನನ್ನ ಮೊಣಕಾಲಿನ ತನಕ ಬಂದಿರಲಿಲ್ಲ. ಮೂರಂಗುಲ ಕೊಯ್ದು ಇಡೀ ವಾಷರ್ ತೆಗೆದರು. ಆಪರೇಷನ್ ಮಾಡಿದವರು ಸಂಜೆ ರೌಂಡ್ಸ್‌ಗೆ ಬಂದು, ಅದೊಂದು ಅಪೆಂಡಿಕ್ಸ್ ಇದ್ದ ಹಾಗೆ, ಬೇಕಾಗುವುದಿಲ್ಲ ಎಂದರು. 1897ರಲ್ಲಿ ಬ್ಲಾಂಡ್ ಸಟನ್ ಎಂಬ ಇಂಗ್ಲಿಷ್ ಸರ್ಜನ್ ವಾಷರನ್ನು ಕಾಲಿನ ಸ್ನಾಯುವೊಂದರ ಕೆಲಸವಿಲ್ಲದ ಪಳೆಯುಳಿಕೆ ಎಂದು ಬರೆದಿದ್ದ. ವಾಷರ್ ತೆಗೆದ ಮೊಣಕಾಲು ಎಕ್ಸ್‌ರೇಯಲ್ಲಿ ಹೇಗೆ ಸವೆಯುತ್ತದೆಂದು 1948ರಲ್ಲೇ ಫೇರ್‌ಬ್ಯಾಂಕ್ ಎಂಬ ಇನ್ನೊಬ್ಬ ಸರ್ಜನ್ ತೋರಿಸಿಕೊಟ್ಟಿದ್ದ. ನನ್ನ ಸರ್ಜನ್ನರಿಗೆ ಮೊದಲನೆಯವನ ಮಾತು ನೆನಪಿತ್ತು, ಎರಡನೆಯವನದು ಇರಲಿಲ್ಲ.

ಮೂರು ತಿಂಗಳಿಗೆ ಓಡಿದೆ. ಹದಿನೈದು ವರ್ಷ ಏನೂ ಆಗಲಿಲ್ಲ. ಆ ಸರ್ಜನ್ನರನ್ನು ಹೊಗಳಿಕೊಂಡೇ ತಿರುಗಿದೆ. ನಲವತ್ತು ದಾಟಿದ ಮೇಲೆ ಥಿಯೇಟರಿನಲ್ಲಿ ಎರಡು ತಾಸು ನಿಂತರೆ ಒಳಬದಿ ಉರಿಯತೊಡಗಿತು. ಈಗ ಐವತ್ತೇಳು, ಆ ಕಾಲು ಬಿಲ್ಲಾಗಿದೆ. ಕೋಟೆ ಗುಡ್ಡ ಹತ್ತುವುದನ್ನು ಬಿಟ್ಟು ಆರು ವರ್ಷವಾಯಿತು, ಮೋತಿ ಸರ್ಕಲ್ಲಿನ ಸಪಾಟು ರಸ್ತೆಯಲ್ಲಿ ನೀವು ನನ್ನನ್ನು ನೋಡುವುದು ಅದಕ್ಕೇ. ಬದಲಿ ಕೀಲನ್ನು ಅರವತ್ತೈದರ ತನಕ ತಳ್ಳುವ ಲೆಕ್ಕದಲ್ಲಿದ್ದೇನೆ. ದಿನಾ ಅರ್ಧ ಗಂಟೆ ನಿಂತಲ್ಲೇ ತುಳಿಯುವ ಸೈಕಲ್, ರಾತ್ರಿ ಒಮ್ಮೊಮ್ಮೆ ನೋವಿನ ಮಾತ್ರೆ.

ಆಗ ತೆಗೆದ ವಾಷರನ್ನು ಫಾರ್ಮಲಿನ್ ಬಾಟಲಿಯಲ್ಲಿ ಹಾಕಿ ಕೊಟ್ಟಿದ್ದರು. ಈಗಲೂ ನನ್ನ ಮೇಜಿನ ಮೇಲಿದೆ, ಹಳದಿ ತಿರುಗಿದೆ. ಮೊನ್ನೆ ತೋರಣಗಲ್ಲಿನಿಂದ ಬಂದ ಹುಡುಗನೊಬ್ಬ, ಕಂಕುಳಲ್ಲಿ ಎಂಆರ್‌ಐ ಲಕೋಟೆ, ಅದನ್ನೇ ನೋಡುತ್ತ ‘ಇದೇನ್ ಸಾರ್, ಮಾವಿನಕಾಯಿ ಹೋಳಾ’ ಅಂದ. ಲಕೋಟೆ ಅಲ್ಲಿಡು, ಮೊದಲು ಮಂಚ ಹತ್ತಿ ಮಲಗು, ಕಾಲು ನೋಡೋಣ ಅಂದೆ.